ಉಸಿರಿನ ಪರೀಕ್ಷೆ

ನಿವೃತ್ತಿಯ ಮೇಲೂ ಇನ್ನೆರಡು ವರ್ಷ ಕೆಲಸದಲ್ಲಿ ಉಳಿಸಿಕೊಳ್ಳಿ ಎಂದು ಅವನು ಬರೆದುಕೊಟ್ಟಿದ್ದ ಪತ್ರ ವಾಪಸು ಬಂದಿತ್ತು. ಅಂಚಿನಲ್ಲಿ ಮೇಲಧಿಕಾರಿಯ ಒಂದೇ ಸಾಲು: ‘ಹುಡುಗಿ ಎಲ್ಲ ಕಲಿತಿದ್ದಾಳೆ, ಅಗತ್ಯವಿಲ್ಲ.’ ಕಲಿಸಿದವರು ಯಾರೆಂಬುದು ಆ ಸಾಲಿನಲ್ಲಿ ಇರಲಿಲ್ಲ.

ಪ್ರಯೋಗಾಲಯದವರೆಲ್ಲ ಅವನನ್ನು ಉಸಿರಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವನು ಅಂಗೈಯಗಲದ ಸಿಲಿಕಾನ್ ಬಿಲ್ಲೆಗಳ ಮೇಲೆ ವಜ್ರದ ತೆಳುಪದರ ಬೆಳೆಸುತ್ತಿದ್ದ, ಸಸಿಮಡಿ ನೋಡಿಕೊಂಡ ಹಾಗೆ. ಪದರದ ಮೈಗೆ ಹೈಡ್ರೋಜನ್ ಹೊದಿಸಿ, ಬಿಲ್ಲೆ ಕತ್ತರಿಸಿ ಎಲೆಕ್ಟ್ರೋಡು ಮಾಡಿದರೆ, ಒಂದು ಹನಿ ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ಅದು ಹೇಳಬಲ್ಲದು. ಹೊದಿಕೆ ಸರಿಯಿದೆಯೇ ಎಂದು ತಿಳಿಯಲು ಅವನು ಬಿಲ್ಲೆಯ ಮೇಲೆ ಮೆಲ್ಲಗೆ ಉಸಿರು ಬಿಡುತ್ತಿದ್ದ. ಹಬೆ ಸಣ್ಣ ಮಣಿಗಳಾಗಿ ಬೆಳ್ಳಗೆ ಕೂತರೆ ಸರಿ. ಬೆಳ್ಳಗಾಗದೆ ನೀರಿನ ಪೊರೆಯಂತೆ ಹರಡಿಕೊಂಡರೆ ಕೆಟ್ಟಿತು.

ಹೆಂಡತಿ ಹೋದ ಮೇಲೆ ಮನೆಯಲ್ಲಿ ಮಾತಾಡಿಸುವವರಿರಲಿಲ್ಲ. ಅವಳು ಕೊನೆಗೆ ಹಿಡಿದ ಕೆಲಸ ಒಂದು ಕ್ರೋಶಾ ಮುಚ್ಚಿಗೆ. ಸುತ್ತ ಮಣಿ, ನಡುವೆ ಬಿಳಿ ನೂಲಿನ ಹೂವು. ಎಂಟು ಎಸಳಿನಲ್ಲಿ ಏಳು ಮುಗಿಸಿ ಹಾಸಿಗೆ ಹಿಡಿದಿದ್ದಳು. ಅವನು ಅದನ್ನು ಪ್ರಯೋಗಾಲಯದ ತನ್ನ ಮೇಜಿನ ಮೇಲೆ ನೀರಿನ ಲೋಟಕ್ಕೆ ಮುಚ್ಚುತ್ತಿದ್ದ.

“ಉಸಿರಣ್ಣ, ಉಳಿದ ಒಂದೆಸಳು ನಾನು ಹಾಕಿಕೊಡ್ಲಾ?” ಎಂದು ಅವನ ಕೈಕೆಳಗೆ ಕೆಲಸ ಕಲಿತ ಹುಡುಗಿ ಒಮ್ಮೆ ಕೇಳಿದ್ದಳು.

“ನಿನ್ನ ಕೈಗೆ ಕೊಟ್ರೆ ಹೂವಲ್ಲ, ಮೀನಿನ ಬಲೆ ಆಗುತ್ತೆ. ಅವಳು ಬಿಟ್ಟಲ್ಲೇ ಇರ್ಲಿ ಬಿಡಮ್ಮ.”

ಉಪಾಯ ಸರಳವಾಗಿತ್ತು. ಹುಡುಗಿ ತಾನೇ ಬೆಳೆಸಿ ಹೊದಿಸಿದ ಬಿಲ್ಲೆ ನೋಡಲು ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯವರು ಬರುತ್ತಾರೆ. ನಲವತ್ತು ನಿಮಿಷ ಅತಿನೇರಳೆ ದೀಪದ ಕೆಳಗಿಟ್ಟರೆ ಹೈಡ್ರೋಜನ್ ಎದ್ದುಹೋಗಿ ಆ ಜಾಗದಲ್ಲಿ ಆಮ್ಲಜನಕ ಕೂರುತ್ತದೆ. ಗೀರಿಲ್ಲ, ಕಲೆಯಿಲ್ಲ, ಬಣ್ಣ ಬದಲಾಗುವುದಿಲ್ಲ. ಹುಡುಗಿ ಎಲ್ಲೋ ಎಚ್ಚರ ತಪ್ಪಿದಳು ಎನ್ನುತ್ತಾರೆ. ಅವಳು ಎರಡು ದಿನ ಅಳುತ್ತಾಳೆ, ಚಿಕ್ಕ ವಯಸ್ಸು, ಮರೆಯುತ್ತಾಳೆ. ವಜ್ರಕ್ಕಂತೂ ಏನೂ ಆಗದು. ಮತ್ತೆ ಹೊದಿಸಬಹುದು. ಹೊದಿಸಲು ಪಳಗಿದ ಕೈ ಬೇಕು ಎಂಬುದು ಮಾತ್ರ ಮೇಲಧಿಕಾರಿಗೆ ಅರ್ಥವಾಗುತ್ತದೆ.

“ಊಟಕ್ಕೆ ಬರಲ್ವಾ?” ಎಂದು ಹುಡುಗಿ ಬಾಗಿಲಲ್ಲಿ ನಿಂತು ಕರೆದಳು.

“ಹಸಿವಿಲ್ಲ, ನೀನು ಹೋಗು.”

“ನಿಮ್ಮ ಪಾಲು ಡಬ್ಬಿಯಲ್ಲೇ ಇಟ್ಟಿರ್ತೀನಿ.”

ಆ ಮಾತಿಗೆ ಅವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬಿಲ್ಲೆಯನ್ನು ದೀಪದಡಿ ಇಟ್ಟ. ಕಿಟಕಿಯಿಂದ ಧೂಳು ಬರುತ್ತಿತ್ತು. ಬಿಲ್ಲೆ ಯಾವತ್ತೂ ತೆರೆದಿಡಬಾರದು, ಕೈಗೆ ಸಿಕ್ಕಿದ್ದನ್ನು ಮುಚ್ಚು ಎಂದು ಹುಡುಗಿಗೆ ನೂರು ಸಲ ಹೇಳಿದ್ದ ಕೈ, ಈಗ ಕೇಳದೆಯೇ ಹಾಗೆ ಮಾಡಿತು. ದೀಪ ಹಚ್ಚಿದ. ಆ ಬೆಳಕು ಕಣ್ಣಿಗೆ ಕೆಟ್ಟದ್ದು. ಬೆನ್ನು ತಿರುಗಿಸಿ ಗೋಡೆ ನೋಡುತ್ತ ಕೂತ.

ನಲವತ್ತು ನಿಮಿಷದ ಮೇಲೆ ದೀಪ ಆರಿಸಿ, ಬಿಲ್ಲೆಯ ಮೇಲಿಂದ ಮುಚ್ಚಿಗೆ ತೆಗೆದು ಮತ್ತೆ ಲೋಟದ ಮೇಲೆ ಹಾಕಿ, ಬಿಲ್ಲೆಯನ್ನು ಪೆಟ್ಟಿಗೆಗೆ ಸೇರಿಸಿದ. ಉಸಿರು ಬಿಟ್ಟು ನೋಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಚೆನ್ನಾಗಿದೆಯೇ ಎಂದು ನೋಡಿದ ಉಸಿರು ಅದು.

ಮೂರಕ್ಕೆ ಎಲ್ಲರೂ ಬಂದರು. “ಮೊದಲು ನಮ್ಮ ಉಸಿರಣ್ಣನ ಪರೀಕ್ಷೆ” ಎಂದು ಹುಡುಗಿ ನಕ್ಕು, ಚಿಮಟದಲ್ಲಿ ಬಿಲ್ಲೆ ಎತ್ತಿ ಉಸಿರು ಬಿಟ್ಟಳು. ಅವನು ಅಚ್ಚರಿಯ ಮುಖ ಸಿದ್ಧ ಮಾಡಿಕೊಂಡಿದ್ದ. ಕಪ್ಪು ಬಿಲ್ಲೆಯ ಮೇಲೆ, ನೂಲಿನ ನೆರಳು ಬಿದ್ದಿದ್ದಲ್ಲೆಲ್ಲ ಹಬೆ ಬೆಳ್ಳಗೆ ಕೂತು, ಒಂದು ಹೂವು ಅರಳಿತು. ಏಳು ಎಸಳು, ಎಂಟನೆಯದರ ಜಾಗ ಖಾಲಿ. “ಏನದು? ಎಲ್ಲಿ, ಇನ್ನೊಮ್ಮೆ ಉಸಿರು ಬಿಡಮ್ಮ” ಎಂದರು ಮೇಲಧಿಕಾರಿ. ಹೂವು ಅಂಚಿನಿಂದ ಆರುತ್ತಿತ್ತು. ಹುಡುಗಿ ಮೇಜಿನ ಮೇಲಿನ ಲೋಟ ನೋಡಿದಳು, ಅವನ ಮುಖ ನೋಡಿದಳು, ಉಸಿರು ಬಿಡದೆ ನಿಂತಳು.