ಬ್ರೇಕಿನಲ್ಲಿ ಉಳಿದ ಗಾಳಿ

"ಒತ್ತಿ," ಎಂದೆ, ಚಕ್ರ ಬಿಚ್ಚಿದ ಜಾಗದಲ್ಲಿ ಕೂತು.

"ಒತ್ತಿದೆ," ಎಂದರು ಮೇಷ್ಟ್ರು, ಡ್ರೈವರ್ ಸೀಟಿನಿಂದ.

"ಹಾಗೇ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ."

"ನಾನು ಬಿಡೋ ಆಸಾಮಿ ಅಲ್ಲ."

ಬೇರೆಯವರಾಗಿದ್ದರೆ ನಗುತ್ತಿದ್ದರೇನೋ. ಅಮ್ಮ ಹೋಗಿ ಎಂಟು ತಿಂಗಳಾಯಿತು, ನನಗೆ ನಗುವೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ಗ್ಯಾರೇಜಿನ ಬಾಗಿಲು ತೆಗೆಯುತ್ತೇನೆ, ಕೆಲಸ ಮಾಡುತ್ತೇನೆ, ಬಾಗಿಲು ಹಾಕುತ್ತೇನೆ.

ಸ್ಪ್ಯಾನರಿನಿಂದ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿದೆ. ಪೈಪಿನಲ್ಲಿ ಬ್ರೇಕ್ ಆಯಿಲ್ ಇಳಿಯಿತು, ಒಂದು ಗುಳ್ಳೆಯೂ ಇಲ್ಲ. ಆದರೂ ಪೆಡಲ್ ಮೆತ್ತಗೇ ಇತ್ತು, ಅಂದರೆ ಒಳಗೆಲ್ಲೋ ಇನ್ನೂ ಗಾಳಿ ಉಳಿದಿದೆ. ನಾಲ್ಕನೇ ದಿನವೂ ಅದೇ ರಾಗ, ಅದೇ ಹಾಡು. ಸೋಮವಾರ ಮೇಷ್ಟ್ರು ಈ ಹಳೇ ಕಾರಿನಲ್ಲೇ ವರ್ಗವಾದ ಊರಿಗೆ ಹೊರಡಬೇಕು. ಇವತ್ತು ಶನಿವಾರ.

ಬಗ್ಗಿ ನೋಡಿದೆ. ನಿಪ್ಪಲ್, ಬ್ರೇಕ್ ಹಿಡಿಯುವ ಕ್ಯಾಲಿಪರಿನ ಮೇಲ್ತುದಿಯಲ್ಲಿರುವ ಬದಲು ಕೆಳತುದಿಯಲ್ಲಿತ್ತು. ಗಾಳಿ ಮೇಲೆ ಸೇರಿಕೊಂಡಿರುವಾಗ ಕೆಳಗಿನಿಂದ ಎಷ್ಟು ಆಯಿಲ್ ಬಿಟ್ಟರೇನು? ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ. ಹಾಕಿದವಳು ನಾನೇ. ಹನ್ನೆರಡು ವರ್ಷದ ಕೆಲಸದಲ್ಲಿ ಇಂಥ ತಪ್ಪು ಮಾಡಿರಲಿಲ್ಲ.

"ಅದಲುಬದಲಾಗಿದೆ ಮೇಷ್ಟ್ರೇ. ನನ್ನ ತಪ್ಪು."

ಅವರು ಇಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಕಿವಿ ಕೆಂಪಾಗಿತ್ತು.

"ನನಗೆ ಎರಡನೇ ದಿನಾನೇ ಗೊತ್ತಾಯ್ತು. ಗಾಳಿ ಮೇಲಕ್ಕೇ ಹೋಗುತ್ತೆ ಅಂತ ಮಕ್ಕಳಿಗೆ ಪಾಠ ಮಾಡೋನು ನಾನು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಅವತ್ತೇ ಗಾಡಿ ರೆಡಿ ಆಗ್ತಿತ್ತು. ಆಮೇಲೆ ಇಲ್ಲಿ ಬಂದು ಕೂರೋಕೆ ನನಗೇನು ನೆಪ?"

ಅವರು ನನ್ನನ್ನು ನೋಡದೆ ನೆಲದ ಮೇಲಿದ್ದ ನಟ್ಟುಗಳನ್ನು ನೋಡುತ್ತಿದ್ದರು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವರ ತೋಳಿಗೆ ಗ್ರೀಸ್ ಮೆತ್ತಿತ್ತು. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ.

ಎರಡನ್ನೂ ಬಿಚ್ಚಿ ಸರಿಯಾದ ಕಡೆ ಕೂರಿಸಿದೆ. ಅವರು ಸೀಟಿಗೆ ಮರಳಿದ ಮೇಲೆ ಮತ್ತೆ "ಒತ್ತಿ" ಎಂದೆ. ಈ ಸಲ ಗುಳ್ಳೆಗಳು ಸಾಲುಸಾಲಾಗಿ ಬಂದವು. ಸ್ವಲ್ಪ ಹೊತ್ತಿಗೆ ಪೆಡಲ್ ಗಟ್ಟಿಯಾಗಿ ನಿಂತಿತು. ಚಕ್ರ ಹಾಕಿ ನಟ್ಟು ಬಿಗಿದೆ.

"ಸರಿ ಹೋಯ್ತು," ಎಂದರು ಸಪ್ಪಗೆ. "ಹೊರಡ್ಲಾ?"

"ಮೇಷ್ಟ್ರೇ, ನನಗೀಗ ಏನೂ ಅನ್ನಿಸಲ್ಲ. ಪ್ರೀತಿ ಗೀತಿ ಅಂತ ಕೇಳಿದ್ರೆ ಸುಳ್ಳು ಹೇಳಬೇಕಾಗುತ್ತೆ."

"ನಾನು ಕೇಳಲಿಲ್ಲವಲ್ಲ."

"ನಿನ್ನೆ ನೀವು ಅರ್ಧ ಗಂಟೆ ತಡವಾಗಿ ಬಂದ್ರಿ. ನಾನು ನಾಲ್ಕು ಸಲ ಬಾಗಿಲಿಗೆ ಬಂದು ರಸ್ತೆ ನೋಡಿದೆ. ಈ ಎಂಟು ತಿಂಗಳಲ್ಲಿ ಯಾರಿಗೂ ಕಾದಿರಲಿಲ್ಲ."

ಅವರು ಕೀ ತಿರುಗಿಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಪ್ರತಿ ಭಾನುವಾರ ಬರ್ತೀನಿ," ಎಂದರು. "ನೆಪ ಇಲ್ಲದೇನೇ."

"ಬೆಳಿಗ್ಗೇನೇ ಬನ್ನಿ," ಎಂದೆ.