ಪಟ್ಟಿಗೆ ಸೇರದ ಫೈಲು

ಅಂಗಿಯ ಗುಂಡಿ ಮಾಡುವ ಫ್ಯಾಕ್ಟರಿ ಮುಚ್ಚಿ ಹನ್ನೊಂದು ದಿನವಾಗಿತ್ತು. ದಿವಾಳಿಯಾದ ಕಂಪನಿಗಳ ಆಸ್ತಿ ವಿಲೇವಾರಿ ಮಾಡುವ ಅಧಿಕಾರಿಯ ಕಚೇರಿಯಿಂದ ಬಂದಿದ್ದ ಅವಳು ದಿನವೂ ಒಂದೊಂದು ಕೋಣೆ ತೆರೆದು, ಒಳಗಿದ್ದದ್ದನ್ನೆಲ್ಲ ಪಟ್ಟಿ ಮಾಡಿ, ಮತ್ತೆ ಬೀಗ ಹಾಕುತ್ತಿದ್ದಳು. ಹಾಕಿದ ಬೀಗವನ್ನು ಮೂರು ಸಲ ಜಗ್ಗಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕೆಲಸ ಹೋದರೂ ಬೆಳಗಾದರೆ ಬಂದು ಅಂಗಳದಲ್ಲಿ ಕೂರುತ್ತಿದ್ದ ಹೆಂಗಸರು ಅವಳಿಗೆ ಬೀಗದ ಮೇಡಂ ಎಂದು ಹೆಸರಿಟ್ಟಿದ್ದರು.

"ನಾಲ್ಕನೇ ಸಲ ಜಗ್ಗಿದ್ರೆ ಬೀಗ ಕೈಗೇ ಬರುತ್ತೆ."

ತಿರುಗಿ ನೋಡದೆಯೇ ಗೊತ್ತಾಯಿತು, ಟೈಮ್ ಆಫೀಸಿನವನು. ಒಂಬತ್ತು ವರ್ಷ ಎಲ್ಲರ ಹಾಜರಿ ಬರೆದವನು. ಅವನ ನೋಟ ಮೊದಲು ಬೀಗದ ಮೇಲೆ, ಆಮೇಲೆ ಅವಳ ಬೆರಳುಗಳ ಮೇಲೆ ನಿಂತು, ಸಿಕ್ಕಿಬಿದ್ದಂತೆ ಖಾಲಿ ಗೋಡೆಗೆ ಹಾರಿತು.

"ಪೆನ್ಷನ್ ಫೈಲು ಸಿಕ್ತಾ?" ಎಂದಳು.

"ಇಲ್ಲ ಮೇಡಂ."

"ನಿನ್ನೆಯೂ ಇಲ್ಲ ಅಂದ್ರಿ."

"ನಿನ್ನೆಯೂ ಸಿಕ್ಕಿರ್ಲಿಲ್ಲ." ಅವನು ಅಂಗಿಯ ಕಾಲರು ಸರಿಮಾಡಿಕೊಂಡ.

ಸುಳ್ಳು ಹೇಳುವಾಗೆಲ್ಲ ಅವನ ಕೈ ಕಾಲರಿಗೆ ಹೋಗುತ್ತದೆ ಎಂದು ಅವಳು ಮೂರನೇ ದಿನವೇ ಗಮನಿಸಿದ್ದಳು. ಅವನು ಹತ್ತು ನಿಮಿಷ ತಡವಾಗಿ ಬಂದರೆ ತನ್ನ ಕಣ್ಣು ಗೇಟಿನ ಕಡೆಗೇ ಹೋಗುತ್ತದೆ ಎಂದು ಐದನೇ ದಿನ ಗಮನಿಸಿದಳು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಇವತ್ತು ಐದು ಗಂಟೆಗೆ ಪಟ್ಟಿ ಹೋಗಬೇಕಿತ್ತು. ಕಂಪನಿಯ ಪುಸ್ತಕದಲ್ಲಿ 'ನೌಕರರ ನಿಧಿ' ಎಂದು ಒಂದೇ ಒಂದು ಸಾಲಿತ್ತು. ನಲವತ್ಮೂರು ಜನರ ಪೆನ್ಷನ್ನು, ಜೀವವಿಮೆಯ ಉಳಿತಾಯ, ಎಲ್ಲ ಅದರಲ್ಲೇ. ಅದು ಕಂಪನಿಯದಲ್ಲ ಎನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಯಂತ್ರಗಳ ಜೊತೆ ಅದೂ ಆಸ್ತಿಯ ಪಟ್ಟಿಗೆ ಸೇರಿ, ಸಾಲ ಕೊಟ್ಟವರ ಪಾಲಾಗುತ್ತಿತ್ತು.

ಅವಳು ಎದ್ದಳು, ಕೂತಳು, ಮತ್ತೆ ಎದ್ದು ಬಾಗಿಲು ಮುಂದೆ ಮಾಡಿದಳು.

"ಫೈಲು ನಿಮ್ಮ ಹತ್ರಾನೇ ಇದೆ."

ಅವನು ಖಾಲಿ ಗೋಡೆ ತೋರಿಸಿದ. "ನಿಮ್ಮ ಕಣ್ಣಿಗೆ ಬಿದ್ದದ್ದೆಲ್ಲ ಹರಾಜಿಗೆ ಹೋಗ್ತಿದೆ. ಗೋಡೆ ಗಡಿಯಾರಾನೂ ಬಿಡ್ಲಿಲ್ಲ ನೀವು," ಎಂದ.

"ಗಡಿಯಾರ ಕಂಪನೀದು. ಆ ದುಡ್ಡು ಕಂಪನೀದಲ್ಲ ಅಂತ ನನಗನ್ನಿಸುತ್ತೆ. ಆದ್ರೆ ನನಗನ್ನಿಸಿದ್ದನ್ನ ಪಟ್ಟಿಯಲ್ಲಿ ಬರೆಯೋ ಹಾಗಿಲ್ಲ. ನೀವು ಬಚ್ಚಿಟ್ಟಷ್ಟೂ ಅದು ಕೈತಪ್ಪುತ್ತೆ."

"ಇದನ್ನ ಹೇಗೆ ನಂಬೋದು?"

ಅವಳು ಕಿಟಕಿಯತ್ತ ನೋಡಿದಳು. ಈ ಮಾತನ್ನು ಅವಳು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

"ನಮ್ಮಪ್ಪ ಕಾಗದದ ಗಿರಣೀಲಿದ್ರು. ಮಾಲೀಕರು ಪೆನ್ಷನ್ ದುಡ್ಡನ್ನ ಗಿರಣಿ ಖಾತೇಲೇ ಇಟ್ಟಿದ್ರು. ಗಿರಣಿ ಮುಳುಗಿದಾಗ ಅದೂ ಮುಳುಗ್ತು. ಅರವತ್ತೆರಡನೇ ವಯಸ್ಸಲ್ಲಿ ಅಪ್ಪ ವಾಚ್‌ಮನ್ ಕೆಲ್ಸಕ್ಕೆ ಹೋದ್ರು. ಅವತ್ತು ಆ ದುಡ್ಡು ಬೇರೆ ಟ್ರಸ್ಟಿನದು, ಗಿರಣೀದಲ್ಲ ಅಂತ ಒಂದು ಕಾಗದ ಇದ್ದಿದ್ರೆ ಸಾಕಿತ್ತು."

ಅವನ ಕೈ ಕಾಲರಿಗೆ ಹೋಗಲಿಲ್ಲ. ಹೊರಗೆ ಹೋಗಿ ಅಂಗಳದಲ್ಲಿ ನಿಂತು ಕೂಗಿದ, "ಅತ್ತೆ, ಸ್ವಲ್ಪ ಏಳಿ."

ಪ್ಯಾಕಿಂಗ್ ವಿಭಾಗದ ಹಿರಿಯಳನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಹನ್ನೊಂದು ದಿನದಿಂದ ಅವಳು ಕೂರುತ್ತಿದ್ದದ್ದು ಒಂದೇ ಮರದ ಪೆಟ್ಟಿಗೆಯ ಮೇಲೆ.

"ಏಳಲ್ಲ. ಇದರ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋಗಿದೆ, ಈಗ ಸುಲಭವಾಗಿ ಕೊಟ್ಬಿಡ್ತೀನಾ?" ಎಂದು ಬೀಗದ ಮೇಡಂಳನ್ನು ಮೇಲಿಂದ ಕೆಳಗಿನವರೆಗೆ ಅಳೆದಳು. "ಇವಳ ಮುಖ ನೋಡಿ ಕೊಡ್ತಿದ್ದೀಯೋ, ಮಾತು ಕೇಳಿ ಕೊಡ್ತಿದ್ದೀಯೋ?"

"ಮಾತು ಕೇಳಿ," ಎಂದ. ಕಿವಿಯ ತುದಿ ಕೆಂಪಾಗಿತ್ತು.

ಅತ್ತೆ ಎದ್ದ ಮೇಲೆ ಪೆಟ್ಟಿಗೆಯಿಂದ ತೆಗೆದು ಒಳಗೆ ತಂದ ಫೈಲನ್ನು ಅವನು ಕೈಬಿಡಲಿಲ್ಲ. ಅವನು ಹಿಡಿದುಕೊಂಡ, ಅವಳು ಬಗ್ಗಿ ಓದಿದಳು. ಪುಟ ತಿರುವುವಾಗ ಇಬ್ಬರ ಬೆರಳೂ ಒಂದೇ ಅಂಚಿಗೆ ಹೋದವು. ಇಬ್ಬರೂ ಒಟ್ಟಿಗೆ ಹಿಂದೆಗೆದರು, ಪುಟ ಅಲ್ಲೇ ಉಳಿಯಿತು.

ಬೇರೆ ಟ್ರಸ್ಟು, ಬೇರೆ ಖಾತೆ, ಮೂವರು ಟ್ರಸ್ಟಿಗಳು. ಮೂರನೇ ಸಹಿ ಅವನದು.

"ಉಳೀತು," ಎಂದಳು ಮೆಲ್ಲಗೆ. "ಕೊನೇ ಮೂರು ತಿಂಗಳು ಸಂಬಳದಲ್ಲಿ ಹಿಡಿದದ್ದು ಮಾತ್ರ ಕಂಪನಿ ಕಟ್ಟಿಲ್ಲ. ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು. ಸಿಗುತ್ತೆ ಅಂತ ಮಾತು ಕೊಡಲ್ಲ."

ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಅವಳಿಗೆ ಮಾತ್ರ ನೆಮ್ಮದಿ ಬರಲಿಲ್ಲ. ನಕಲು ತೆಗೆಸಿದಳು, ಪಟ್ಟಿಗೆ ಸೇರಿಸಿ ಪಿನ್ ಹೊಡೆದಳು. ಆಮೇಲೆ ಬಿಳಿ ಹಾಳೆ ಎಳೆದುಕೊಂಡು ನಾಲ್ಕು ಸಾಲು ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಗಡಿಯಾರವಿಲ್ಲದ ಗೋಡೆಯಲ್ಲಿ ಅವನು ಏನನ್ನೋ ಹುಡುಕುತ್ತಿದ್ದ.

"ಇದನ್ನೂ ಕಳಿಸ್ತೀನಿ. ಮೊದಲು ನೀವು ಓದಿ."

'ಈ ನಿಧಿಯ ಟ್ರಸ್ಟಿಯೊಬ್ಬರ ಬಗ್ಗೆ ನನಗೆ ವೈಯಕ್ತಿಕ ಒಲವಿದೆ. ಆದ್ದರಿಂದ ಈ ಕಾಗದಗಳನ್ನು ಬೇರೆ ಅಧಿಕಾರಿ ಪರಿಶೀಲಿಸಬೇಕು, ನನ್ನನ್ನು ಈ ಕೆಲಸದಿಂದ ಬಿಡುಗಡೆ ಮಾಡಬೇಕು.'

ಅವನು ಎರಡು ಸಲ ಓದಿದ. "ಬೇರೆಯವರು ಬಂದು ಉಲ್ಟಾ ಹೊಡೆದ್ರೆ?"

"ಹೊಡೆಯೋಕಾಗಲ್ಲ, ಕಾಗದ ಗಟ್ಟಿಯಾಗಿದೆ. ಆದ್ರೆ ನಾಳೆ ಯಾರಾದ್ರೂ, ಆ ಹುಡುಗಿಗೆ ಅವನ ಮೇಲೆ ಮನಸ್ಸಿತ್ತು, ಅದಕ್ಕೇ ಬಿಟ್ಟುಕೊಟ್ಲು ಅಂದ್ರೆ, ನಲವತ್ಮೂರು ಜನ ಮತ್ತೆ ಕೋರ್ಟು ಹತ್ತಬೇಕು. ನನ್ನಿಂದ ಅದಾಗ್ಬಾರ್ದು."

"ನಾಳೆಯಿಂದ ನೀವು ಬರಲ್ಲ."

"ಬೀಗ ಹಾಕೋಕೆ ಬರಲ್ಲ."

ಅವನು ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟ. ಗಂಭೀರವಾಗಿ ಹೇಳಿದ, "ಟ್ರಸ್ಟಿಯೊಬ್ಬರು ಅಂತಿದೆ. ನಾವು ಮೂರು ಜನ. ಒಬ್ರು ಎಪ್ಪತ್ತು ದಾಟಿದ ಮ್ಯಾನೇಜರ್, ಇನ್ನೊಬ್ರು ಅತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಹೆಸರನ್ನು ಸಾಲಿನ ಮೇಲೆ ಸಣ್ಣದಾಗಿ ಸೇರಿಸಿದಳು.

"ಆ ಕಡೆಯಿಂದಾನೂ ಹಾಗೇ ಇದೆ ಅಂತ ಒಂದು ಸಾಲು ಸೇರಿಸಿ," ಎಂದ.

"ಅದನ್ನ ನಾನು ಬರೆಯೋ ಹಾಗಿಲ್ಲ. ನೀವೇ ಬರೀಬೇಕು."

ಅವನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ನಿಂತೇ, ಅವಳ ಸಹಿಯ ಕೆಳಗೆ ಬರೆದ. ಅವಳು ಓದಿದಳು. ಒಂದು ಸಾಲಲ್ಲ, ಮೂರಿದ್ದವು.

"ಕಚೇರಿಗೆ ಹೊಸದಾಗಿ ಟೈಪ್ ಮಾಡ್ಬೇಕು ಇದನ್ನ," ಎಂದಳು.

"ಮತ್ತೆ ಈ ಹಾಳೆ?"

"ಇದು ಯಾವ ಪಟ್ಟಿಗೂ ಹೋಗಲ್ಲ," ಎಂದು ನಾಲ್ಕಾಗಿ ಮಡಚಿ, ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.