ಗೋಡೆಯಾಚೆ ರೊಟ್ಟಿ

ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನ ಮೂರನೇ ಮಾಳಿಗೆಯ ಕೊನೆಯ ಖೋಲಿ ಒಂದು ಕಾಲದಲ್ಲಿ ನೀಲವ್ವನ ಖಾನಾವಳಿಯಾಗಿತ್ತು. ಅಲ್ಲಿ ನಾನು ಭಾನುವಾರ ಮಧ್ಯಾಹ್ನ ಹಿರಿಯರಿಂದ ಏರಿಯಾದ ಇತಿಹಾಸ ಹೇಳಿಸುತ್ತೇನೆ. ಅವತ್ತು ಬಂದವರು ಐದೇ ಜನ. ಹೀಗೇ ಆದರೆ ಖೋಲಿಯನ್ನು ಗೋಡೌನ್ ಮಾಡುತ್ತೇವೆಂದು ಚಾಳಿನ ಸೆಕ್ರೆಟರಿ ಹೇಳಿಬಿಟ್ಟಿದ್ದರು.

ಮಿಲ್ಲಿನಲ್ಲಿ ದುಡಿದ ಈರಪ್ಪಜ್ಜ ಮಾತಾಡುತ್ತಿದ್ದರು. “ಪಾಳಿ ಮುಗಿಸಿ ಬಂದು, ಎಷ್ಟ ಮಂದಿ ಅದೀವೋ ಅಷ್ಟ ಸಲ ಈ ಗ್ವಾಡಿ ಬಡೀತಿದ್ವಿ. ಆಚೆ ಆಕಿ ಅಷ್ಟ ರೊಟ್ಟಿ ಮಾಡ್ತಿದ್ಲು.” ತೋರಿಸಲೆಂದು ಐದು ಸಲ ಬಡಿದರು.

ಗೋಡೆಯಾಚೆಯ ನೀಲವ್ವನ ಅಡುಗೆಮನೆ ಕೆಡವಿ ಹದಿನೈದು ವರ್ಷವಾಗಿದೆ. ಈಗ ಅಲ್ಲಿ ಬರೀ ಗಾಳಿ. ಆದರೂ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು.

ಕಾಲೇಜು ಓದುವ ಶೀತಲ ಎಂಬ ಹುಡುಗಿ ಗೋಡೆಗೆ ಅಂಗೈ ಊರಿದಳು. “ಆಂಟಿ, ದೀವಾರ್ ಗರಮ್ ಇದೆ.”

ಒಂದೊಂದು ರೊಟ್ಟಿಗೂ ಸಪ್ಪಳ ತುಸು ನಿಲ್ಲುತ್ತಿತ್ತು. ನಾನು ಎಣಿಸಿದೆ. ಇಪ್ಪತ್ತಮೂರು.

“ನೀಲವ್ವಾ, ಐದ ಸಲ ಬಡದೀನಿ. ಉಳಿದದ್ದು ಯಾರಿಗವ್ವಾ?” ಎಂದರು ಅಜ್ಜ.

ಮುಂದಿನ ಭಾನುವಾರ ಇಪ್ಪತ್ತಮೂರು ಜನ ಬಂದರು. ನಾನು ಹೊಸದಾಗಿ ಯಾರನ್ನೂ ಕರೆದಿರಲಿಲ್ಲ.

ನಿನ್ನೆ ಸಂಜೆ ಒಬ್ಬಳೇ ಹೋಗಿ ಗೋಡೆಗೆ ಒಮ್ಮೆ ಬಡಿದೆ. ನಲವತ್ತೊಂದು ರೊಟ್ಟಿಯಾದ ಮೇಲೆ ಸಪ್ಪಳ ನಿಂತಿತು. ನಮ್ಮಲ್ಲಿದ್ದದ್ದು ಮೂವತ್ತೇ ಕುರ್ಚಿ. ಉಳಿದ ಹನ್ನೊಂದನ್ನು ಇವತ್ತು ತರಿಸಿದೆ.